ಸೂಜಿಯ ಹಿಂದೊಂದು ಉಗುರು

ಇದನ್ನು ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಬೇರೊಂದು ಕೆಲಸ ನೆನಪಾಗುತ್ತಿತ್ತು. ಕನ್ನಡಕ ಒರೆಸುವುದು, ಗಡಿಯಾರಕ್ಕೆ ಸೆಲ್ ಹಾಕುವುದು, ಏನೂ ಇಲ್ಲದಿದ್ದರೆ ಟೀ. ಹೀಗೇ ಇಪ್ಪತ್ತೆರಡು ವರ್ಷ ತಳ್ಳಿದೆ. ಇವತ್ತು ಸಿಟ್ಟು ನನ್ನನ್ನು ಏಳಗೊಡುತ್ತಿಲ್ಲ.

ಸಿಟ್ಟು ಮೊದಲು ಬಂದದ್ದು ಒಂದು ಹೆಸರಿನ ಮೇಲೆ. ಮಡಕಶಿರಾದಲ್ಲಿ ಮಗಳ ಮನೆಯಲ್ಲಿ ನನ್ನ ವಾಸ. ಏಳು ವರ್ಷದ ಮೊಮ್ಮಗಳು ಚಿನ್ನಿಯ ಎಡಗಣ್ಣು ಮಂದವೆಂದು ಡಾಕ್ಟರಿಗೆ ತೋರಿಸಿದೆವು. ಇದಕ್ಕೆ ‘ಸೋಮಾರಿ ಕಣ್ಣು’ ಅನ್ನುತ್ತಾರೆ ಎಂದರು. ಮಗುವಿನ ಕಣ್ಣಿಗೆ ಇಡುವ ಹೆಸರೇ ಇದು ಎಂದು ರೇಗಿದೆ. ಹೆಸರಿಟ್ಟವರು ತಾವಲ್ಲವೆಂದು ನಕ್ಕು ಕಣ್ಣೊಳಗಿನ ಸ್ಕ್ಯಾನ್ ತೋರಿಸಿದರು. ಕಟಿಂಗ್ ಟೇಬಲ್ಲಿನ ಮೇಲೆ ಒಂದರ ಮೇಲೊಂದು ಹಾಸಿದ ಬಟ್ಟೆಯಂತೆ ಪದರಗಳು. ಹಿಂಬದಿಯ, ರಕ್ತ ಹರಿಯುವ ಪದರ ಬಲಗಣ್ಣಿಗಿಂತ ಎಡಗಣ್ಣಲ್ಲಿ ದಪ್ಪ. ಇಂಥವರಲ್ಲಿ ಕೆಲವರಿಗೆ ಹೀಗಿರುತ್ತದಂತೆ. ಕಾರಣವೋ ಪರಿಣಾಮವೋ ಇನ್ನೂ ಖಚಿತವಿಲ್ಲವಂತೆ. ಮಿದುಳು ಚಿಕ್ಕಂದಿನಲ್ಲೇ ಒಂದು ಕಣ್ಣನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ಬಿಡುತ್ತದೆ, ಎರಡೂ ಕಣ್ಣು ಜೊತೆಗೂಡದೆ ದೂರದ ಅಂದಾಜು ಸಿಗುವುದಿಲ್ಲ, ಸೂಜಿಗೆ ದಾರ ಪೋಣಿಸುವುದೂ ಕಷ್ಟ ಎಂದರು.

ಸೂಜಿ ಎಂದ ಕೂಡಲೇ ನಾನು ಕೂತ ಕುರ್ಚಿಯೇ ಚುಚ್ಚತೊಡಗಿತು.

ಇಪ್ಪತ್ತೆರಡು ವರ್ಷದ ಹಿಂದೆ ರಾಯದುರ್ಗದ ಒಂದು ಜೀನ್ಸ್ ಹೊಲಿಯುವ ಕಡೆ ನಾನು ಮಾಸ್ಟರ್ ಆಗಿದ್ದೆ. ಹತ್ತನೇ ತರಗತಿ ಪಾಸಾದ ಗತ್ತು ಬೇರೆ. ಹೊಸಬರಿಗೆ ನನ್ನದೊಂದು ಪರೀಕ್ಷೆ: ಮಿಷಿನ್ ಸೂಜಿಗೆ ತಪ್ಪದೆ ಐದು ಸಲ ದಾರ ಪೋಣಿಸಬೇಕು. ಪಕ್ಕದ ಗುಮ್ಮಘಟ್ಟದಿಂದ ಶೇರ್ ಆಟೋದಲ್ಲಿ ಬಂದ ಮಾರೆಕ್ಕನದು ಒಂದು ಕಣ್ಣು ಸ್ವಲ್ಪ ಮೆಳ್ಳೆ. ಹೊಲಿಗೆ ಕಲಿತು ಮನೆಯಲ್ಲೇ ಮಿಷಿನ್ ಇಡುವ ಆಸೆ ಅವಳಿಗೆ. ಹೆಬ್ಬೆರಳಿನ ಉಗುರನ್ನು ಸೂಜಿಯ ಹಿಂದೆ ಗೋಡೆಯಂತೆ ಹಿಡಿದು, ದಾರದ ತುದಿ ಅದಕ್ಕೆ ತಾಗಿಸಿ, ತಡವುತ್ತ ಪೋಣಿಸಿದಳು. ಐದಕ್ಕೆ ಐದು.

ನಾನು ಅವಳ ಕೈಗೆ ಹೊಡೆದು ಉಗುರು ತೆಗೆಸಿದೆ. ಕಣ್ಣಿಂದ ನೋಡಿ ಪೋಣಿಸು ಎಂದೆ.

“ಹೆಂಗಾದ್ರೇನ್ರಿ ಮಾಸ್ಟರ್, ದಾರ ಹೋತಲ್ರಿ.”

ಎಲ್ಲರೂ ನನ್ನ ಮುಖ ನೋಡಿ ನಕ್ಕರು. ಅದೇ ನನಗೆ ತಡೆಯಲಾಗಲಿಲ್ಲ. ಉಗುರಿಲ್ಲದೆ ಅವಳ ದಾರ ಸೂಜಿಗಿಂತ ಒಂದು ಬೆರಳು ಮುಂಚೆಯೇ ಗಾಳಿಯನ್ನು ಚುಚ್ಚುತ್ತಿತ್ತು.

“ಇಂಥ ಸೋಮಾರಿಗೆ ಮಿಷಿನ್ ಯಾಕ?” ಎಂದೆ. ಮಿಷಿನ್ ಸಿಗದೆ ಅವಳು ಆರು ವರ್ಷ ನೆಲದ ಮೇಲೆ ಕೂತು ಬೇರೆಯವರ ಹೊಲಿಗೆಯ ಎಳೆ ಕತ್ತರಿಸಿದಳು. ಇಲ್ಲಿಂದ ಮುಂದೆ ಅವಳ ಹೆಸರು ಬರೆಯುವುದಿಲ್ಲ. ಕ್ಷಮೆ ಕೇಳದ ಬಾಯಿಗೆ ಆ ಹೆಸರು ಯಾಕೆ?

ನನಗೆ ಗೊತ್ತಿರಲಿಲ್ಲ ಎನ್ನಬಹುದು. ಸುಳ್ಳು. ಪದರದ ವಿಷಯ ಗೊತ್ತಿರಲಿಲ್ಲ. ಐದಕ್ಕೆ ಐದು ಎಂಬುದು ಗೊತ್ತಿತ್ತು. ಕಾಯಿಲೆಗೆ ಹೆಸರಿಟ್ಟವರಿಗೆ, ಅಂದು ನಕ್ಕವರಿಗೆ, ಸುಮ್ಮನಿದ್ದ ಮಾಲೀಕನಿಗೆ, ಎಲ್ಲರಿಗೂ ಸಿಟ್ಟು ಹಂಚಿ ನೋಡಿದೆ. ಮುಕ್ಕಾಲು ಪಾಲು ನನ್ನ ಬಳಿಯೇ ಉಳಿಯಿತು.

ನಿನ್ನೆ ಚಿನ್ನಿಯ ಅಂಗಿಗೆ ಗುಂಡಿ ಹೊಲಿಯಲು ಕೂತೆ. ನಾಲ್ಕು ಸಲ ದಾರ ತಪ್ಪಿತು. ಸುತ್ತ ನೋಡಿ, ಕಳ್ಳನಂತೆ, ಸೂಜಿಯ ಹಿಂದೆ ಉಗುರಿಟ್ಟೆ. ಹೋಯಿತು. ಮಂದಗಣ್ಣು ಕೆಲಸ ಮಾಡಲೆಂದು ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಿಕೊಂಡಿದ್ದ ಚಿನ್ನಿ ನೋಡಿಬಿಟ್ಟಳು.

“ಇದ್ ಯಾರ್ ಹೇಳ್ಕೊಟ್ರು ತಾತ?”

“ಗುಮ್ಮಘಟ್ಟದಾಗ ಒಬ್ಬಾಕಿ ಅದಾಳವ್ವ. ಆಕಿ ಕಣ್ಣೂ ನಿನ್ನಂಗ.”

“ಅವ್ರೂ ಸೋಮಾರಿನಾ?”

“ಇಲ್ಲವ್ವ. ಸೋಮಾರಿ ನಾನು.”

“ಹಂಗಾರೆ ಪಟ್ಟಿ ನಿಂಗೇ ಹಾಕ್ಬೇಕು,” ಎಂದಳು.

ಹಾಕಬೇಕಿದ್ದದ್ದು ನನ್ನ ಬಾಯಿಗೆ, ಅದೂ ಆವತ್ತು. ಈಗ ಅದೇ ಬಾಯಿ ಬಿಚ್ಚಬೇಕು. ಗುಮ್ಮಘಟ್ಟಕ್ಕೆ ಹೋಗಲು ರಾಯದುರ್ಗದ ಬಸ್ಸು ಎಷ್ಟು ಹೊತ್ತಿಗೆಂದು ಮಗಳನ್ನು ಕೇಳಿದ್ದೇನೆ.