ಸೋಮವಾರ ಇಳಿಸಬಾರದು

ಗೆಳೆಯರೇ, ಗೆದ್ದವರು ಕೆಳಗಿಳಿಯುವುದನ್ನು ಇಂದು ಕಂಡೆ. ಇನ್ನೂ ಅರ್ಥವಾಗಿಲ್ಲ.

ಅಣ್ಣನ ಮಗಳು ಸವಿತಾ ವೃತ್ತಿಪರ ಟೆನಿಸ್ ಆಟಗಾರ್ತಿ. ಅವಳ ರ‍್ಯಾಂಕಿಂಗ್ ದೊಡ್ಡದಾಗಿ ಬರೆಸಿದ ಫ್ಲೆಕ್ಸನ್ನು ನಮ್ಮಪ್ಪ ಬಾಗೇವಾಡಿಯ ಮನೆಯೆದುರು ಕಟ್ಟಿಸಿದ್ದಾರೆ. ಇಂದು ಹೊಸ ಪಟ್ಟಿ ಬಂತು. ಸವಿತಾ ಬಹಳ ಕೆಳಗೆ ಹೋಗಿದ್ದಳು.

"ಮೊನ್ನಿ ಗೆದ್ದಿಯಲ್ಲವ್ವಾ, ಮತ್ತ ಇಳದಿ ಹೆಂಗ?" ಎಂದು ಮೊಮ್ಮಗಳನ್ನು ಕೇಳಿದರು ಅಪ್ಪ.

"ಹೋದ ವರ್ಷ ಇದ ವಾರ ಫೈನಲ್ ಆಡಿದ್ದೆ ಮುತ್ಯಾ. ವರ್ಷ ತುಂಬಿತು, ಆ ಪಾಯಿಂಟ್ ಹೋದವು."

"ಯಾರು ಒಯ್ದರು?"

"ಯಾರೂ ಒಯ್ದಿಲ್ಲ. ಇನ್ನ ಮ್ಯಾಲೆ ದೊಡ್ಡ ಟೂರ್ನಿಗೆ ನೇರ ಪ್ರವೇಶ ಇಲ್ಲ, ಅರ್ಹತಾ ಸುತ್ತು ಆಡಬೇಕು. ಮದಲ ಆ ಫ್ಲೆಕ್ಸ್ ಇಳಸು, ಮಂದಿ ನಗ್ತಾರ."

"ಇವತ್ತ ಸೋಮವಾರ, ಬಸವಣ್ಣನ ದಿನ. ಏರಿಸಿದ್ದನ್ನ ಇಳಸಬಾರದು."

"ರ‍್ಯಾಂಕಿಂಗ್ ಪಟ್ಟಿಯವರು ಸೋಮವಾರನ ಇಳಸ್ತಾರ, ಮುತ್ಯಾ!"

ಅಪ್ಪ ಎದ್ದು ಫ್ಲೆಕ್ಸಿನ ಬಳಿ ಹೋದರು. ಗುಡಿಯಿಂದ ತಂದಿದ್ದ ಚೆಂಡುಹೂವಿನ ಮಾಲೆಯನ್ನು ಸರಿಯಾಗಿ ಅಂಕಿಯ ಮೇಲೆ ಬರುವಂತೆ ಇಳಿಬಿಟ್ಟರು. ಸವಿತಾ ಬ್ಯಾಗು ಹೆಗಲಿಗೇರಿಸಿ ಅರ್ಹತಾ ಸುತ್ತು ಆಡಲು ಬಸ್ಸು ಹತ್ತಿದಳು.

ಸಂಜೆಯಿಂದ ಓಣಿಯವರು ನಿಂತು ಕೇಳುತ್ತಿದ್ದಾರೆ: "ಹೂವಿನ ಹಿಂದ ಎಷ್ಟನೇ ನಂಬರ್ ಐತ್ರಿ?"

ಅಲ್ಲಿರುವುದು ಹಳೆಯ ಅಂಕಿ. ಹೂ ಬಾಡುವುದರೊಳಗೆ ಅವಳು ಆ ಅಂಕಿಗೆ ಮರಳಿದರೆ ಅದೇ ಹೊಸದು. ಸದ್ಯಕ್ಕೆ ನಾನು ಹೂವಿಗೆ ನೀರು ಚಿಮುಕಿಸುತ್ತಿದ್ದೇನೆ.