ಟೇಪಣ್ಣನ ಹೋಮ್ ಥಿಯೇಟರ್

ನನ್ನ ತಂಗಿಯ ಗಂಡ ಸ್ವಾರ್ಥಿ. ಕುಡಿಯುವವರಲ್ಲ, ಯಾರಿಗೂ ಮೋಸ ಮಾಡಿದವರಲ್ಲ. ಆದರೆ ಮನೆಯ ಫ್ಯಾನು ಅವರ ತಲೆಯ ಮೇಲೆಯೇ ತಿರುಗಬೇಕು, ಕಿಟಕಿ ಅವರಿಗೆ ಸೆಕೆಯಾದಾಗಲೇ ತೆರೆಯಬೇಕು. ಇದನ್ನು ಬರೆಯಲು ನನಗೆ ಸಂಕೋಚವಿಲ್ಲ. ಅದೇ ಮನೆಯಲ್ಲಿದ್ದುಕೊಂಡು ಅವರ ಎದುರಿಗೇ ಹೇಳಿದ್ದೇನೆ.

ಅಂಗಡಿಗಳ ತಕ್ಕಡಿ, ತೂಕದ ಬಟ್ಟು ತಪಾಸಣೆ ಮಾಡುವ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ಅಳತೆಯ ಟೇಪು ಇನ್ನೂ ಜೇಬು ಬಿಟ್ಟಿಲ್ಲ. ಬೀದಿಯವರು ಬೆನ್ನ ಹಿಂದೆ ಟೇಪಣ್ಣ ಎನ್ನುತ್ತಾರೆ. ಅಳೆಯಲು ಏನೂ ಸಿಗದೆ ಚಡಪಡಿಸುತ್ತಿದ್ದಾಗ ಹೋಮ್ ಥಿಯೇಟರ್ ಕೊಂಡರು. ಗೋಡೆಗಳಿಗೆ ಸ್ಪೀಕರುಗಳು, ಟಿವಿಯ ಕೆಳಗೆ ಅವುಗಳಿಗೆಲ್ಲ ಸದ್ದು ಹಂಚುವ ರಿಸೀವರ್ ಎಂಬ ಕಪ್ಪು ಪೆಟ್ಟಿಗೆ.

ಆ ಪೆಟ್ಟಿಗೆಯ ಮುಖದ ಮೇಲೆ ನೀಲಿ ಅಕ್ಷರಗಳು ಹೊಳೆಯುತ್ತಿದ್ದವು. ಕಣ್ಣು ಕುಕ್ಕುತ್ತದೆಂದು ಬೆಳಕನ್ನು ಇಳಿಸುತ್ತಾ ಹೋಗಿ ಪೂರ್ತಿ ಆರಿಸಿಬಿಟ್ಟರು. ಬೆಳಗಾಗುವಷ್ಟರಲ್ಲಿ ಅದನ್ನು ಮರೆತಿದ್ದರು. ಯಂತ್ರ ಸತ್ತಿತೆಂದು ಜ್ವರ ಬಂದ ಕೂಸನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ಅಂಗಡಿಗೆ ಓಡಿದರು. ಅಂಗಡಿಯವನು ಒಂದು ಗುಂಡಿ ಒತ್ತಿ, “ಇದಕ್ಕೇನೂ ಆಗಿಲ್ಲ ಸಾರ್, ನೀವೇ ಮಲಗಿಸಿದೀರಿ,” ಎಂದನಂತೆ. ಮನೆಗೆ ಬಂದು, “ಅವನಿಗೇನೂ ಗೊತ್ತಿಲ್ಲ,” ಎಂದರು.

ಆಮೇಲೆ ರಿಮೋಟಿನ ಸರದಿ. ಬೇರೆಯವರ ಬೆರಳು ಬಿದ್ದರೆ ಸೆಟ್ಟಿಂಗು ಕೆಡುತ್ತದೆಂದು, ತಮಗೆ ಬೇಕಾದ ಕೆಲವು ಗುಂಡಿ ಬಿಟ್ಟು ಉಳಿದವಕ್ಕೆಲ್ಲ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿದರು.

“ಅಪ್ಪಾ, ರಿಮೋಟಿಗೆ ಏನಾಯ್ತು, ಬಿತ್ತಾ?” ಎಂದಳು ಮಗಳು.

“ಅದನ್ನ ಮುಟ್ಟಿದವರು ಬೀಳ್ತಾರೆ.”

ಈ ರಾಜ್ಯಭಾರದ ನಡುವೆ ನನಗಿದ್ದ ಚಿಂತೆ ತಂಗಿಯದು. ಅವಳ ಕಿವಿ ಮಂದವಾಗುತ್ತಿತ್ತು. ಒಪ್ಪಿಕೊಳ್ಳುವ ಹೆಣ್ಣಲ್ಲ. ಅಡುಗೆಮನೆ ಬಾಗಿಲ ಪಕ್ಕದ ಎಡಮೂಲೆಯ ಬೆತ್ತದ ಕುರ್ಚಿ ಅವಳದು. ಅಲ್ಲಿಗೆ ಟಿವಿಯ ಮಾತು ಸರಿಯಾಗಿ ಮುಟ್ಟುತ್ತಿರಲಿಲ್ಲ. ಮುಂದೆ ಬಂದು ಕೂರು ಎಂದರೆ, “ಯಾಕೆ, ನಾನೇನು ಕಿವುಡಿಯಾ?” ಎನ್ನುವಳು. ಸದ್ದು ಜಾಸ್ತಿ ಮಾಡಿದರೆ ಅದು ತನ್ನನ್ನೇ ಹಂಗಿಸಿದ್ದೆಂದು ಎದ್ದು ಹೋಗುವಳು. ಕೊನೆಗೆ, ನಾವೆಲ್ಲ ನಕ್ಕಾಗ ಒಂದು ಗಳಿಗೆ ತಡವಾಗಿ ನಗುವುದೂ ಬೇಸರವಾಗಿ, ಸಂಜೆ ಸಿನಿಮಾ ಹಾಕಿದರೆ ಒಲೆ ಒರೆಸುವ ನೆಪ ಹಿಡಿದಳು. ಹೀಗೇ ಬಿಟ್ಟರೆ ಇವಳು ಆ ಅಡುಗೆಮನೆಯಲ್ಲೇ ಉಳಿದುಬಿಡುತ್ತಾಳೆ ಎಂದು ನನಗೆ ಅನ್ನಿಸಿತ್ತು.

“ನಿಮ್ಮ ಹೆಂಡತಿ ಕಡೆ ಸ್ವಲ್ಪ ಗಮನ ಕೊಡಿ,” ಎಂದೆ.

“ನೋಡಿ ಅತ್ತಿಗೆ, ಮೊದಲು ಸ್ಪೀಕರ್ ಸೆಟ್ಟಿಂಗ್ ಮುಗೀಲಿ,” ಎಂದರು. ನನ್ನ ತೀರ್ಮಾನಕ್ಕೆ ಇನ್ನೊಂದು ಮೊಹರು ಬಿತ್ತು.

ಭಾನುವಾರ ಬೆಳಿಗ್ಗೆ ತಂಗಿ ಅದೇ ಕುರ್ಚಿಯಲ್ಲಿ ಕೂತು ಬೀನ್ಸ್ ಬಿಡಿಸುತ್ತಿದ್ದಳು. ಇವರು ಬಂದು ನೆಲದಿಂದ ಅವಳ ಕಿವಿಯವರೆಗೆ ಟೇಪು ಹಿಡಿದರು.

“ಏನ್ರೀ ಇದು, ಶವಪೆಟ್ಟಿಗೆಗೆ ಅಳತೆನಾ?”

“ಕುರ್ಚಿ ಕುಸಿದಿದೆಯಾ ನೋಡ್ತಿದೀನಿ. ನೀನು ತೂಕ ಹೆಚ್ಚಾಗಿದೀಯ.”

ಅವಳು ಬೀನ್ಸ್ ಎತ್ತಿಕೊಂಡು ಅಡುಗೆಮನೆಗೆ ನಡೆದಳು.

ಮಧ್ಯಾಹ್ನ ನಮ್ಮನ್ನೆಲ್ಲ ಮನೆಯಿಂದ ಹೊರಗೆ ಹಾಕಿದರು. ಕೂರುವ ಜಾಗದಲ್ಲಿ ಒಂದು ಪುಟ್ಟ ಮೈಕು ಇಡಬೇಕಂತೆ. ಸ್ಪೀಕರುಗಳು ಒಂದೊಂದಾಗಿ ಕೂಗುತ್ತವೆ, ಮೈಕು ಕೇಳಿಸಿಕೊಳ್ಳುತ್ತದೆ, ಯಂತ್ರ ಆ ಜಾಗಕ್ಕೆ ತಕ್ಕಂತೆ ಸದ್ದನ್ನು ಹೊಂದಿಸುತ್ತದೆ. ಆಗ ಮನೆಯಲ್ಲಿ ಸೂಜಿ ಬಿದ್ದ ಸದ್ದೂ ಆಗಕೂಡದು. ನಾವು ಮೂವರು ಹೆಂಗಸರು ಜಗಲಿಯಲ್ಲಿ, ಬಿಸಿಲಲ್ಲಿ. ಮೊದಲ ಸಲ ಕುಕ್ಕರು ಕೂಗಿ ಅಳತೆ ಕೆಟ್ಟಿತು. ಎರಡನೆಯ ಸಲ ಮಗಳ ಫೋನು. ಮೂರನೆಯ ಸಲ ನಾವು ಉಸಿರು ಬಿಗಿಹಿಡಿದು ಕೂತಿದ್ದೆವು, ಕಿಟಕಿಯಿಂದ ತಲೆ ಹೊರಹಾಕಿ ಅವರೇ, “ಯಾರೂ ಮಾತಾಡಬೇಡಿ!” ಎಂದು ಗರ್ಜಿಸಿದರು. ಒಳಗೆ ಯಂತ್ರ ‘ಗದ್ದಲ ಹೆಚ್ಚು’ ಎಂದು ಬರೆಯಿತು.

“ಈಗ ಯಾರನ್ನ ಹೊರಗೆ ಹಾಕ್ತೀಯಪ್ಪಾ?” ಎಂದಳು ಮಗಳು.

ನಾಲ್ಕನೆಯ ಸಲ ಕೆಲಸವಾಯಿತು. ಬಿಸಿಲು ತಾಳದೆ ನಾನು ಮೊದಲು ಒಳಗೆ ನುಗ್ಗಿದೆ. ಬಲಗಡೆ ಫ್ಯಾನಿನ ಕೆಳಗಿದ್ದ ಅವರ ದೊಡ್ಡ ಕುರ್ಚಿ ಖಾಲಿ ಇತ್ತು. ಬೆತ್ತದ ಕುರ್ಚಿಯ ಮೇಲೆ ಎರಡು ದಿಂಬು, ಅದರ ಮೇಲೆ ನನ್ನ ನಿಘಂಟು, ಅದರ ತುದಿಯಲ್ಲಿ ಮೈಕು. ಅವರು ಗಡಿಬಿಡಿಯಿಂದ ಎಲ್ಲವನ್ನೂ ಎತ್ತಿಕೊಂಡರು.

“ನೀವು ಕೂರೋದು ಅಲ್ಲಿ, ಅಳೆದದ್ದು ಇಲ್ಲಿ. ತಪ್ಪಾಯ್ತಲ್ಲ,” ಎಂದೆ.

“ಅಳತೆ ತಪ್ಪಿಲ್ಲ ಅತ್ತಿಗೆ. ಇದನ್ನ ಅವಳಿಗೆ ಹೇಳಬೇಡಿ.”

ಸಂಜೆ ಸಿನಿಮಾ ಹಾಕಿದರು. ತಂಗಿ ವಾಡಿಕೆಯಂತೆ ಒಲೆ ಒರೆಸಲು ಎದ್ದಳು. ಬಾಗಿಲ ಹತ್ತಿರ ನಿಂತಳು. ನಿಂತವಳು ಕೈಯಲ್ಲಿ ಬಟ್ಟೆ ಹಿಡಿದೇ ಕುರ್ಚಿಗೆ ಕೂತಳು. ಪರದೆಯ ಮೇಲೆ ಒಬ್ಬ ಮುದುಕ ತನ್ನ ಅಳಿಯನಿಗೆ ಏನೋ ಅಂದ. ನಮಗಿಂತ ಮೊದಲು ಅವಳು ನಕ್ಕಳು.

“ಏನಂದ ಅವನು?” ಎಂದು ಮಗಳು ಕೇಳಿದಳು.

“ಕಿವಿ ಕೇಳಿಸಲ್ವೇನೇ ನಿನಗೆ?” ಎಂದು ತಂಗಿ ಗದರಿ, ಮಾತನ್ನು ಹಾಗೇ ಒಪ್ಪಿಸಿದಳು.

ತಂಗಿ ಕೂರುವ ದೂರದ ಆ ಮೂಲೆಗೆ ಮುಟ್ಟಬೇಕಲ್ಲ, ಬಲಗಡೆಯ ಹಿಂದಿನ ಸ್ಪೀಕರಿನ ಸದ್ದನ್ನು ಯಂತ್ರ ಯದ್ವಾತದ್ವಾ ಏರಿಸಿತ್ತು. ಅದು ಇದ್ದದ್ದು ಟೇಪಣ್ಣನ ಬಲಗಿವಿಯ ಪಕ್ಕದಲ್ಲೇ. ಪರದೆಯಲ್ಲಿ ಒಂದು ರೈಲು ಬಂತು. ಅವರ ಕಿವಿಯೊಳಗಿಂದಲೇ ಹಾದುಹೋದಂತಾಗಿ ಭುಜ ಬೆಚ್ಚಿತು.

ರಿಮೋಟು ಅವರ ತೊಡೆಯ ಮೇಲೇ ಇತ್ತು. ಸದ್ದು ಇಳಿಸುವ ಗುಂಡಿಗೆ ಪಟ್ಟಿ ಅಂಟಿಸಿರಲಿಲ್ಲ. ಅವರು ಅದನ್ನು ಮುಟ್ಟಲಿಲ್ಲ. ಜೇಬಿಗೆ ಕೈ ಹಾಕಿ, ಟೇಪನ್ನು ಪಕ್ಕಕ್ಕೆ ಸರಿಸಿ, ಒಂದು ಚೂರು ಹತ್ತಿ ತೆಗೆದು ಬಲಗಿವಿಗೆ ತುರುಕಿಕೊಂಡು ಸಿನಿಮಾ ನೋಡತೊಡಗಿದರು.