ಪಟ್ಟಿ ಮೇಡಂ ಬರೆದ ಪಟ್ಟಿ

ಮಹಿಳಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಪಟ್ಟಿ ಮೇಡಂ ಎಂದು. ಪರೀಕ್ಷೆಯ ಕೊಠಡಿ ಯಾರಿಗೆ ಯಾವ ದಿನ, ಪ್ರಯೋಗಾಲಯದಲ್ಲಿ ಒಡೆದ ಗಾಜಿನ ಸಾಮಾನು ಎಷ್ಟು, ಯಾವ ಹುಡುಗಿಯ ಹಾಜರಿ ಕಮ್ಮಿ, ಎಲ್ಲಕ್ಕೂ ಅವಳ ಪಟ್ಟಿಯೇ ಕೊನೆಯ ಮಾತು. ಮನೆಯಲ್ಲೂ ಅಷ್ಟೇ. ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ಸಿಕ್ಕಿಸಿದ ನೋಟುಬುಕ್ಕಿನಲ್ಲಿ ಅತ್ತೆಯ ಮಾತ್ರೆಯ ಹೊತ್ತು, ಗ್ಯಾಸು ಬಂದ ತಾರೀಖು, ಗಂಡನ ಕನ್ನಡಕದ ನಂಬರು. "ನಮ್ಮವಳು ಎರಡು ದಿನ ಊರಿಗೆ ಹೋದ್ರೆ ಉಪ್ಪಿನ ಡಬ್ಬಿ ಹುಡುಕೋದರಲ್ಲೇ ನಮ್ಮ ಆಯುಷ್ಯ ಮುಗಿಯುತ್ತೆ" ಎಂದು ಗಂಡ ಬಂದವರ ಮುಂದೆ ಹೇಳಿ ನಗುತ್ತಿದ್ದ. ಅದು ಹೊಗಳಿಕೆ ಎಂದು ಅವನು ತಿಳಿದಿದ್ದ. ಅವಳೂ ಬಹಳ ವರ್ಷ ಹಾಗೇ ತಿಳಿದಿದ್ದಳು.

ಊರಿನ ಮೂರು ಕಾಲೇಜುಗಳಿಗೂ ಆಡಳಿತ ಮಂಡಳಿ ಒಂದೇ, ಅಧ್ಯಾಪಕರ ಸಂಘಗಳು ಮಾತ್ರ ಮೂರು. ಒಬ್ಬರನ್ನು ಕರೆದು ಇನ್ನೊಬ್ಬರ ಮೇಲೆ ಎತ್ತಿಕಟ್ಟುವುದು ಮಂಡಳಿಗೆ ಎಡಗೈ ಕೆಲಸ. ಎತ್ತು ಏರಿಗೆ, ಕೋಣ ನೀರಿಗೆ ಎನ್ನುವಂತೆ ಸಂಘಗಳೂ ಎಳೆದಾಡುತ್ತಲೇ ಬಂದಿದ್ದವು. ಆ ವರ್ಷ ಮಂಡಳಿ ನಲವತ್ತು ಜನರನ್ನು ತೆಗೆಯುತ್ತದೆಂಬ ಸುದ್ದಿ ಹಬ್ಬಿದಾಗ ಮೂರೂ ಸಂಘಗಳಿಗೆ ಬುದ್ಧಿ ಬಂತು. ಒಂದೇ ಸಂಘವಾಗಿ ಕೂತು ಮಾತಾಡಬೇಕು, ಒಬ್ಬರನ್ನೂ ಬೇರೆ ಕರೆಯಲು ಬಿಡಬಾರದು. ಆದರೆ ಒಂದಾಗಬೇಕಾದರೆ ಒಂದು ಗಂಟು ಬಿಚ್ಚಬೇಕಿತ್ತು: ಕೊನೆಗೂ ಯಾರಾದರೂ ಹೋಗಲೇಬೇಕಾದರೆ ಮೊದಲು ಹೋಗುವವರು ಯಾರು? ಅದಕ್ಕೆ ಮೂರೂ ಕಾಲೇಜಿನ ನೂರ ಇಪ್ಪತ್ತಾರು ಜನರದು ಒಂದೇ ಹಿರಿತನದ ಪಟ್ಟಿಯಾಗಬೇಕು. ಪಟ್ಟಿ ಎಂದಮೇಲೆ ಮೇಡಂ ಇಲ್ಲದೆ ಹೇಗೆ?

ಒಂದು ಶನಿವಾರ ಮಧ್ಯಾಹ್ನ ಕಲಾ ಕಾಲೇಜಿನ ಅಧ್ಯಾಪಕರ ಕೋಣೆಯಲ್ಲಿ ಸಭೆ ಸೇರಿತು. ಕಾಲೇಜಿಗೆ ಆರರಂತೆ ಹದಿನೆಂಟು ಜನ. ಕಲಾ ಕಾಲೇಜಿನ ಸಂಘದ ಕಾರ್ಯದರ್ಶಿ ಅವಳ ಗಂಡನೇ, ಇತಿಹಾಸದ ಮೇಷ್ಟ್ರು.

"ಮೇಡಂ, ನಡಾವಳಿ ನೀವೇ ಬರ್ಕೊಳ್ಳಿ, ನಿಮ್ಮ ಅಕ್ಷರ ಮುತ್ತಿನ ಹಾಗಿದೆ" ಎಂದರು ವಿಜ್ಞಾನ ಕಾಲೇಜಿನ ರಸಾಯನಶಾಸ್ತ್ರದ ಹಿರಿಯರು.

ಬರೆದುಕೊಂಡಳು. ನಾಲ್ಕು ಗಂಟೆಗೆ ಯಾರೋ ಗಂಟಲು ಒಣಗಿತು ಎಂದರು. ಶನಿವಾರ ಜವಾನ ಇರಲಿಲ್ಲ. ಹದಿನೈದು ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಎದ್ದಳು. ಅವಳ ಸಂಘದ ಅಧ್ಯಕ್ಷೆ, ಇಂಗ್ಲಿಷ್ ಮೇಡಂ ಕೂಡ ಎದ್ದರು. ಮೂಲೆಯ ಪುಟ್ಟ ಕೋಣೆಯಲ್ಲಿ ಒಂದು ಒಲೆ, ಹತ್ತು ಲೋಟ. ಹತ್ತು ಜನಕ್ಕೆ ಟೀ ಕೊಟ್ಟು, ಅವರು ಕುಡಿದ ಲೋಟ ತೊಳೆದು, ಉಳಿದ ಎಂಟು ಜನಕ್ಕೆ ಕೊಡಬೇಕು.

"ಎಂ.ಎ. ಮಾಡಿದ್ದು ಇದಕ್ಕೇ ನೋಡಿ" ಎಂದು ಇಂಗ್ಲಿಷ್ ಮೇಡಂ ಲೋಟ ತಿಕ್ಕುತ್ತ ನಕ್ಕರು.

"ಎಂ.ಎಸ್ಸಿ.ನವರು ಹಾಲು ಉಕ್ಕದ ಹಾಗೆ ನೋಡ್ಕೋತಾರೆ" ಎಂದಳು ಇವಳು.

ಎರಡನೆಯ ಸುತ್ತಿನ ಲೋಟ ಹಿಡಿದು ಬರುವಷ್ಟರಲ್ಲಿ ಗಂಟು ಬಿಚ್ಚಿಯಾಗಿತ್ತು. "ಬರ್ಕೊಳ್ಳಿ ಮೇಡಂ" ಎಂದರು ಹಿರಿಯರು. "ಹಿರಿತನ ಲೆಕ್ಕ ಹಾಕೋದು ನಡುವೆ ಕಡಿತ ಇಲ್ಲದ ಸೇವೆಯಿಂದ. ಕೊನೇ ಸಲ ಯಾವತ್ತು ಸೇರಿದ್ದೋ ಆ ತಾರೀಖೇ ತಾರೀಖು. ಎಲ್ಲರಿಗೂ ಒಪ್ಪಿಗೆಯಾಗಿದೆ."

ತೊಳೆದ ಕೈಯನ್ನು ಸೆರಗಿಗೆ ಒರೆಸಿ ಬರೆದುಕೊಂಡಳು. ಆಗ ಅವಳ ತಲೆಯಲ್ಲಿದ್ದದ್ದು ಅತ್ತೆಯ ಐದು ಗಂಟೆಯ ಮಾತ್ರೆ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಊಟದ ಮೇಜು ಒರೆಸಿ, ಮೂರು ಕಾಲೇಜಿನ ಕಾಗದ ಹರಡಿ ಕೂತಳು. ಬೇರೆಯವರ ಹೆಸರು ಮೊದಲು, ತನ್ನದು ಕಡೆಗೆ, ಅದು ಅವಳ ಪದ್ಧತಿ. ಬಡಿಸುವಾಗಲೂ ಹಾಗೇ. ಗಂಡನ ನಂಬರು ಒಂಬತ್ತು ಬಂತು. ಇಪ್ಪತ್ತೆರಡು ವರ್ಷ, ಒಂದು ದಿನ ಕಡಿತವಿಲ್ಲ.

ತನ್ನ ಹಾಳೆ ಎತ್ತಿಕೊಂಡಾಗ ಪೆನ್ನು ನಿಂತಿತು. ಮೊದಲು ಮೂರು ವರ್ಷ. ಆಮೇಲೆ ಮಗಳು ಹುಟ್ಟಿದಳು. ಮಂಡಳಿಯಲ್ಲಿ ಉದ್ದದ ರಜೆಯೆಂಬುದೇ ಇರಲಿಲ್ಲ, ರಾಜೀನಾಮೆ ಕೊಟ್ಟು ಮತ್ತೆ ಸೇರಬೇಕು. ಒಂದು ವರ್ಷ ಹೋಯಿತು. ಮತ್ತೆ ಆರು ವರ್ಷ. ಆಗ ಮಾವನಿಗೆ ಪಾರ್ಶ್ವವಾಯು ಬಡಿಯಿತು. ಎರಡು ವರ್ಷ ಹಾಸಿಗೆಯಲ್ಲೇ. ತಿನ್ನಿಸುವುದು, ಒರೆಸುವುದು, ಹೊರಳಿಸುವುದು, ಬಟ್ಟೆ ಬದಲಿಸುವುದು. ಅವರು ಹೋದಮೇಲೆ ಮತ್ತೆ ಸೇರಿ ಹನ್ನೊಂದು ವರ್ಷ. ಒಟ್ಟು ಇಪ್ಪತ್ತು ವರ್ಷ ಪಾಠ ಹೇಳಿದ್ದಳು. ಆದರೆ ಕೊನೆಯ ಸಲ ಸೇರಿದ ತಾರೀಖು ಹಿಡಿದರೆ ಅವಳ ನಂಬರು ನೂರ ಹದಿನೆಂಟು.

ಕೆಳಗಿನ ಹದಿನೈದು ಹೆಸರು ಇನ್ನೊಮ್ಮೆ ಓದಿದಳು. ಮಂಡಳಿ ಹದಿನೈದು ವರ್ಷದಿಂದ ಹೊಸಬರನ್ನು ತೆಗೆದುಕೊಂಡಿರಲಿಲ್ಲ. ಹಾಗಾಗಿ ಅಲ್ಲಿ ಇದ್ದವರೆಲ್ಲ ಕೆಲಸ ಬಿಟ್ಟು ಮತ್ತೆ ಸೇರಿದವರೇ. ಹದಿಮೂರು ಜನ ಹೆಂಗಸರು.

"ರೀ, ಈ ಕಡಿತದ ಮಾತು ಎತ್ತಿದ್ದು ಯಾರು?"

ಗಂಡ ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ನಾನೇ. ಸುಲಭ ಅಲ್ವಾ? ಒಂದೇ ತಾರೀಖು ನೋಡಿದ್ರೆ ಆಯ್ತು. ಯಾಕೆ?"

"ನಿಮ್ಮದು ಒಂಬತ್ತು. ನಂದು ನೂರ ಹದಿನೆಂಟು."

ಪತ್ರಿಕೆ ಮೆಲ್ಲಗೆ ಇಳಿಯಿತು. "ಅಯ್ಯೋ. ನಂಗೆ ಹೊಳೀಲೇ ಇಲ್ಲ ಕಣೇ."

"ನಿಮ್ಮಪ್ಪನ್ನ ನೋಡ್ಕೊಂಡಿದ್ದು ಯಾರು ಅನ್ನೋದೂ ಹೊಳೀಲಿಲ್ವಾ?"

"ಹಾಗಲ್ವೇ..."

"ಅವರು ನಿಮ್ಮಪ್ಪ. ನೀವು ಒಂದು ದಿನ ರಜ ಹಾಕಲಿಲ್ಲ. ನಿಮ್ಮ ಸೇವೆ ಕಡಿಯದೇ ಇದ್ದದ್ದು ನನ್ನದು ಕಡಿದಿದ್ದಕ್ಕೆ."

ಒಳಕೋಣೆಯಿಂದ ಅತ್ತೆಯ ದನಿ ಬಂತು. "ಏನಮ್ಮಾ ಗಲಾಟೆ? ನನ್ನ ಮಾತ್ರೆ ಆಯ್ತಾ?"

"ಆಯ್ತು ಅತ್ತೆ, ಎಂಟಕ್ಕೇ ಕೊಟ್ಟೆ."

ಗಂಡ ದನಿ ತಗ್ಗಿಸಿದ. "ಈಗ ಬಾಯಿ ತೆಗೆದ್ರೆ ವಿಜ್ಞಾನದವರು ಎದ್ದು ಹೋಗ್ತಾರೆ. ಮಂಡಳಿಗೆ ಬೇಕಾಗಿರೋದೂ ಅದೇ. ಮೊದಲು ಒಂದಾಗೋಣ. ಆಮೇಲೆ ಸರಿಮಾಡಿದ್ರಾಯ್ತು."

ಆಮೇಲೆ. ಪಿಎಚ್.ಡಿ. ಆಮೇಲೆ, ತವರಿಗೆ ಹೋಗುವುದು ಆಮೇಲೆ, ಬೆನ್ನುನೋವು ತೋರಿಸುವುದು ಆಮೇಲೆ. ಮದುವೆಯಾದಂದಿನಿಂದ ಆ ಪದ ಅವಳ ಮನೆಯ ಖಾಯಂ ಸದಸ್ಯ.

ಮುಂದಿನ ಶನಿವಾರ ಅವಳು ಬಾಯಿ ತೆಗೆದಳು. ಎದ್ದು ನಿಂತು ಪಟ್ಟಿಯ ಕೆಳಗಿನ ತುದಿ ಓದಿದಳು. ನಂಬರಿನ ಜೊತೆ ಹೆಸರಿಲ್ಲ, ಬರೀ ಕಾರಣ.

"ನೂರ ಹನ್ನೆರಡು, ಎರಡು ಹೆರಿಗೆ. ನೂರ ಹದಿಮೂರು, ಅತ್ತೆಗೆ ಕ್ಯಾನ್ಸರು. ನೂರ ಹದಿನಾಲ್ಕು, ಮಗನಿಗೆ ಮಾತು ಬರ್ತಿರಲಿಲ್ಲ, ತರಬೇತಿಗೆ ದಿನಾ ಕರ್ಕೊಂಡು ಹೋಗ್ಬೇಕಿತ್ತು. ನೂರ ಹದಿನೈದು..."

"ಮನೆ ವಿಷಯ ಸಂಘಕ್ಕೆ ತರಬೇಡಿ ಮೇಡಂ" ಎಂದರು ಹಿರಿಯರು, ಮೆತ್ತಗೆ.

"ನಾನು ತರಲಿಲ್ಲ ಸಾರ್. ನಿಮ್ಮ ತಾರೀಖಿನೊಳಗೇ ಇದೆ. ಒಟ್ಟು ಪಾಠ ಹೇಳಿದ ವರ್ಷ ಎಣಿಸೋಣ ಅಂತಿದೀನಿ, ಅಷ್ಟೇ."

"ಹಾಗೆ ಎಣಿಸಿದ್ರೆ ನಮ್ಮ ಕಾಲೇಜಿನ ಎಂಟು ಜನ ಕೆಳಗೆ ಬೀಳ್ತಾರೆ. ಆಗ ನಾವ್ಯಾಕೆ ಸೇರ್ಬೇಕು ಹೇಳಿ?"

ಕೈ ಎತ್ತಿಸಿದರು. ಅವಳ ಪರವಾಗಿ ಎದ್ದದ್ದು ನಾಲ್ಕು ಕೈ, ಎಲ್ಲ ಅವಳ ಕಾಲೇಜಿನವೇ. ಇಂಗ್ಲಿಷ್ ಮೇಡಂ ಕಿಟಕಿಯಾಚೆ ನೋಡುತ್ತಿದ್ದರು. ಅವರ ನಂಬರು ಹದಿನಾರು, ಮದುವೆಯಾಗಿರಲಿಲ್ಲ. ಗಂಡ ತನ್ನ ಪೆನ್ನಿನ ಮುಚ್ಚಳವನ್ನು ತಿರುವಿ ಹಾಕುತ್ತ, ತಿರುವಿ ತೆಗೆಯುತ್ತ ಕೂತಿದ್ದ.

"ಸರ್ವಾನುಮತದಿಂದ ಅಂತ ಬರ್ಕೊಂಡುಬಿಡಿ ಮೇಡಂ" ಎಂದರು ಹಿರಿಯರು. "ಬಿರುಕು ಇದೆ ಅಂತ ಗೊತ್ತಾದ್ರೆ ಮಂಡಳಿ ಬೆರಳು ತೂರಿಸುತ್ತೆ."

ಮಾತು ಸುಳ್ಳಲ್ಲ. ಅದೇ ಅವಳ ಕೈ ಕಟ್ಟಿಹಾಕಿದ್ದು. ತಾನು ಬರೆಯದಿದ್ದರೆ ಮತ್ತೆ ಮೂರು ಸಂಘ, ನಲವತ್ತು ಜನ ಬೀದಿಗೆ. ಬರೆದಳು. ಅಕ್ಷರ ಎಂದಿನಂತೆ ಮುತ್ತಿನ ಹಾಗೇ ಬಂತು, ಅದಕ್ಕೆ ಅವಳಿಗೆ ತನ್ನ ಕೈಯ ಮೇಲೇ ಅಸಹ್ಯವಾಯಿತು.

ಒಗ್ಗಟ್ಟು ಫಲ ಕೊಟ್ಟಿತು. ಮೊದಲ ಸಲ ಮಂಡಳಿ ಒಂದೇ ಮೇಜಿನ ಎದುರು ಒಂದೇ ಸಂಘದೊಡನೆ ಕೂತಿತು. ನಲವತ್ತು ಹದಿನೈದಕ್ಕೆ ಇಳಿಯಿತು. ಇನ್ನು ಮುಂದೆ ಹೆರಿಗೆಗೂ ಮನೆಯ ಹಿರಿಯರ ಆರೈಕೆಗೂ ರಜೆ, ಆ ರಜೆಯನ್ನು ಕಡಿತವೆಂದು ಎಣಿಸುವಂತಿಲ್ಲ. ಇನ್ನು ಮುಂದೆ. ಹಾರ, ಭಾಷಣ, ಚಪ್ಪಾಳೆ ಎಲ್ಲ ಆಯಿತು. ನೂರ ಹನ್ನೆರಡರಿಂದ ನೂರ ಇಪ್ಪತ್ತಾರರವರೆಗಿನವರಿಗೆ ಕಂದು ಲಕೋಟೆ ಬಂತು. ಕೈ ಕೆಸರಾದದ್ದು ಒಬ್ಬರದು, ಬಾಯಿ ಮೊಸರಾದದ್ದು ಇನ್ನೊಬ್ಬರದು. ಮೇಡಂ ಪ್ರಯೋಗಾಲಯದ ಬೀರುವಿನ ಬೀಗದಕೈಯನ್ನೂ, ಒಡೆದ ಗಾಜಿನ ಪಟ್ಟಿಯನ್ನೂ ಒಪ್ಪಿಸಿ ಮನೆಗೆ ಬಂದಳು. "ಹೋಗಲಿ ಬಿಡಮ್ಮ, ಇನ್ನಾದ್ರೂ ಆರಾಮಾಗಿರು" ಎಂದರು ಅತ್ತೆ, ಕಾಲು ಚಾಚಿ. ಕಾಲು ಒತ್ತುವ ಹೊತ್ತಾಗಿತ್ತು.

ಎರಡು ತಿಂಗಳ ಮೇಲೆ ಒಂದು ಸಂಜೆ ಗಂಡ ಕಂತೆ ಕಾಗದ ತಂದು ಊಟದ ಮೇಜಿನ ಮೇಲಿಟ್ಟ. "ಹೊಸ ಪಟ್ಟಿ ಮಾಡ್ಬೇಕಂತೆ. ಎಲ್ಲರೂ ನಿನ್ನನ್ನೇ ಕೇಳಿದ್ರು."

"ಅದರಲ್ಲಿ ನನ್ನ ಹೆಸರಿಲ್ಲವಲ್ಲ. ಹೆಸರಿರೋರು ಬರೀಲಿ."

ಅವನು ಕುರ್ಚಿ ಎಳೆದು ಕೂತ. ತಾನೇ ಗೆರೆ ಹಾಕಿಕೊಂಡು ಬರೆಯತೊಡಗಿದ. ಎರಡು ಹಾಳೆ ಹರಿದ. ಅವಳು ಅಕ್ಕಿ ತೊಳೆಯುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಮೇಜಿನ ಬಳಿಯಿಂದಲೇ ಕೂಗಿದ.

"ಕೇಳ್ತಾ? ನಾನು ಕೆಲಸಕ್ಕೆ ಸೇರಿದ್ದು ಯಾವತ್ತು?"

ಅವಳಿಗೆ ನೆನಪಿತ್ತು. ಅವತ್ತು ಸೋಮವಾರ. ಅವಳು ತನ್ನ ಮೊದಲ ಗಂಟೆಯ ಪಾಠವನ್ನು ಬೇರೆಯವರಿಗೆ ಒಪ್ಪಿಸಿ, ಅವನ ಅಂಗಿ ಇಸ್ತ್ರಿ ಮಾಡಿ, ಡಬ್ಬಿ ಕಟ್ಟಿಕೊಟ್ಟು ತಡವಾಗಿ ಕಾಲೇಜಿಗೆ ಹೋಗಿದ್ದಳು. ತಾರೀಖು ಹೇಳಿದಳು.

"ಕಡಿತ ಏನೂ ಇಲ್ಲ ಅಲ್ವಾ?"

"ಇಲ್ಲ" ಎಂದಳು, ಅಕ್ಕಿಯ ನೀರು ಬಸಿಯುತ್ತ. "ಒಂದು ದಿನವೂ ಇಲ್ಲ."